ಈ ಬಾಗಿಲು ಯಾರ ಅಳತೆಗೆ ಮಾಡಿದ್ದು?

ದೊಡ್ಡಮ್ಮ ಮೊಬೈಲನ್ನು ಕಣ್ಣಿಂದ ಒಂದು ಮೊಳ ದೂರ ಹಿಡಿದು ಕೂತಿದ್ದರು. ಯಾವುದೋ ಕಚೇರಿಯ ಕೆಲಸಕ್ಕೆ ತಾವು ತಾವೇ ಅಂತ ಸಾಬೀತು ಮಾಡಬೇಕಿತ್ತು. ಸಾಬೀತು ಅಂದರೆ ಒಟಿಪಿ. ಆರು ಅಂಕಿ. ಟಿಣ್ ಅಂತ ಸದ್ದಾಯಿತು. ಪರದೆಯ ತುದಿಯಿಂದ ಒಂದು ಪಟ್ಟಿ ಇಳಿಯಿತು. ಅವರು ಅಂಕಿಗೆ ಕಣ್ಣು ಹೊಂದಿಸಿಕೊಳ್ಳುವಷ್ಟರಲ್ಲಿ ಅದು ಮೇಲೆ ಹೋಗಿಬಿಟ್ಟಿತು. ಹುಡುಕಲು ಬೆರಳು ಎಳೆದರು, ಬೇರೇನೋ ತೆರೆದುಕೊಂಡಿತು. ವಾಪಸ್ ಬಂದು ಮೂರು ಅಂಕಿ ಬಾಯಲ್ಲಿ ಹೇಳಿಕೊಳ್ಳುತ್ತಾ ಒತ್ತಿದರು. ಉಳಿದ ಮೂರು ಮರೆತುಹೋಗಿತ್ತು. ಮತ್ತೆ ನೋಡಲು ಹೋದರು. ಅಷ್ಟರಲ್ಲಿ ಸಮಯ ಮುಗಿದಿತ್ತು.

ಹೀಗೆ ಮೂರು ಸಲ. ಆಮೇಲೆ, 24 ಗಂಟೆ ಬಿಟ್ಟು ಪ್ರಯತ್ನಿಸಿ ಅಂತ ಬಂತು.

ಮೊಬೈಲ್ ಪಕ್ಕಕ್ಕಿಟ್ಟು, "ನಾನೇ ನಾನು ಅಂತ ಹೇಳೋಕೆ ಇದ್ಯಾಕೋ ಬೇಕು? ನಾನಿಲ್ಲೇ ಕೂತಿದೀನಲ್ಲ" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೆ ಇದೇ ಕೆಲಸಕ್ಕೆ ಅವರೇ ಹೋಗಿ, ಮುಖ ತೋರಿಸಿ, ಸಹಿ ಹಾಕಿ ಬರುತ್ತಿದ್ದರು. ಅರ್ಧ ದಿನ ಹೋಗುತ್ತಿತ್ತು, ನಿಜ. ಆದರೆ ಯಾರ ಕೈ ಹಿಡಿದೂ ಹೋಗಬೇಕಿರಲಿಲ್ಲ. ಈಗ ಐದು ನಿಮಿಷದ ಕೆಲಸ. ಆದರೆ ಪಕ್ಕದಲ್ಲಿ ನಾನಿರಬೇಕು. ಸಮಯ ಉಳಿಯಿತು, ಸ್ವಂತ ಬಲ ಹೋಯಿತು. ಈ ಲೆಕ್ಕವನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ.

ಮಾಹಿತಿ ಮತ್ತು ಸಂಪರ್ಕದ ತಂತ್ರಜ್ಞಾನ ಸಮಾಜವನ್ನು ಹೇಗೆ ಬದಲಾಯಿಸುತ್ತದೆ ಅಂತ ಕೇಳಿದರೆ ನಾವೆಲ್ಲ ವೇಗದ ಮಾತಾಡುತ್ತೇವೆ. ಪತ್ರಕ್ಕೆ ಎಷ್ಟು ದಿನ, ತಂತಿಗೆ ಎಷ್ಟು ಗಂಟೆ, ಈಗ ಎಷ್ಟು ಕ್ಷಣ ಅಂತ. ಅವತ್ತಿನಿಂದ ನನ್ನನ್ನು ಬೇರೆಯದೇ ಪ್ರಶ್ನೆ ಕಾಡುತ್ತಿದೆ. ಇದನ್ನೆಲ್ಲ ಮಾಡುವಾಗ, ಮಾಡಿದವರ ಕಣ್ಣ ಮುಂದೆ ಯಾರಿದ್ದರು?

ವೇಗ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. 1825ರ ಫೆಬ್ರವರಿಯಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಅನ್ನುವ ಚಿತ್ರಕಾರ ವಾಷಿಂಗ್ಟನ್‌ನಲ್ಲಿ ಒಬ್ಬ ದೊಡ್ಡ ಮನುಷ್ಯರ ಭಾವಚಿತ್ರ ಬರೆಯುತ್ತಿದ್ದರು. ನ್ಯೂ ಹೇವನ್‌ನ ಮನೆಯಲ್ಲಿ ಹೆಂಡತಿ ಲುಕ್ರೀಷಿಯಾ ತೀರಿಕೊಂಡರು. ಸುದ್ದಿ ಪತ್ರದಲ್ಲಿ ಬಂತು. ಆತ ಊರು ತಲುಪುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಹೆಂಡತಿ ಬದುಕಿಲ್ಲ ಅನ್ನೋದು ಗೊತ್ತಿಲ್ಲದೆ ಅವಳಿಗೇ ಅವರು ಒಂದು ಪತ್ರವನ್ನೂ ಬರೆದಿದ್ದರು. ಇದೇ ಮೋರ್ಸ್ 1844ರ ಮೇ 24ರಂದು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿಯ ಮೇಲೆ ಸಂದೇಶ ಕಳಿಸಿದರು. ಆ ದುಃಖವೇ ತಂತಿಗೆ ಕಾರಣ ಅಂತ ಹೇಳುವವರಿದ್ದಾರೆ. ನಾನು ಅಷ್ಟು ನೇರವಾಗಿ ಗಂಟು ಹಾಕಲಾರೆ, ಯಾಕಂದರೆ ತಂತಿಯ ಯೋಚನೆ ಅವರಿಗೆ ಬಂದಿದ್ದು 1832ರಲ್ಲಿ, ಹಡಗಿನ ಪ್ರಯಾಣದಲ್ಲಿ. ಆದರೂ ಕೊನೆಯ ಸಲ ಮುಖ ನೋಡಲಾಗದ ಆ ಮನುಷ್ಯನನ್ನು ನೆನೆದರೆ, ಬೇಗ ಸುದ್ದಿ ಮುಟ್ಟುವುದು ಎಷ್ಟು ದೊಡ್ಡದು ಅಂತ ಅರ್ಥವಾಗುತ್ತದೆ.

ಈಗ ಟೆಲಿಫೋನಿಗೆ ಬರುತ್ತೇನೆ. ನನ್ನ ಪ್ರಶ್ನೆಗೆ ಇಷ್ಟು ಹತ್ತಿರದ ಕಥೆ ಇನ್ನೊಂದಿಲ್ಲ.

ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೆಲ್ ಮಾಡುತ್ತಿದ್ದ ಕೆಲಸವೇ ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದು. ಹಾಗೆ ಪಾಠಕ್ಕೆ ಬಂದವರಲ್ಲಿ ಒಬ್ಬರು ಮೇಬಲ್ ಹಬ್ಬಾರ್ಡ್. ಐದನೇ ವಯಸ್ಸಿನಲ್ಲಿ ಜ್ವರ ಬಂದು ಮೇಬಲ್ ಕಿವಿ ಹೋಗಿತ್ತು. 1876ರ ಮಾರ್ಚಿನಲ್ಲಿ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದರು. ಮರುವರ್ಷ ಮೇಬಲ್ ಜೊತೆ ಮದುವೆಯಾಯಿತು. ಮದುವೆಯ ಉಡುಗೊರೆ ಏನು ಗೊತ್ತಾ? ತಮ್ಮ ಟೆಲಿಫೋನ್ ಕಂಪನಿಯ ಷೇರುಗಳು. ತಮ್ಮ ಹೆಸರಲ್ಲಿ 10 ಮಾತ್ರ ಇಟ್ಟುಕೊಂಡು ಉಳಿದದ್ದನ್ನೆಲ್ಲ ಹೆಂಡತಿಗೆ ಕೊಟ್ಟುಬಿಟ್ಟರು.

ಮೇಬಲ್ ತುಟಿಯ ಚಲನೆ ನೋಡಿ ಮಾತು ಅರ್ಥ ಮಾಡಿಕೊಳ್ಳುತ್ತಿದ್ದರು. ಟೆಲಿಫೋನ್ ಮಾಡಿದ್ದೇನು? ಮನುಷ್ಯನ ದನಿಯನ್ನು ಎತ್ತಿಕೊಂಡು ತುಟಿಯನ್ನು ಅಲ್ಲೇ ಬಿಟ್ಟಿತು. ಅಷ್ಟೊಂದು ಷೇರು ಇಟ್ಟುಕೊಂಡ ಹೆಂಗಸಿಗೆ ಆ ಯಂತ್ರದಲ್ಲಿ ಒಂದು ಮಾತೂ ಕೇಳುವಂತಿರಲಿಲ್ಲ. ಬೆಲ್ ಕೆಟ್ಟ ಗಂಡ ಆಗಿರಲಿಲ್ಲ. ಹೆಂಡತಿಯ ಮೇಲೆ ಪ್ರಾಣ ಇಟ್ಟಿದ್ದರು. (ಕಿವಿ ಕೇಳದವರು ಕೈಸನ್ನೆ ಬಿಟ್ಟು ಬಾಯಿಮಾತನ್ನೇ ಕಲಿಯಬೇಕು ಅಂತ ಅವರು ಹಟ ಹಿಡಿದಿದ್ದರು. ಅದರ ನೋವು ಆ ಸಮುದಾಯದಲ್ಲಿ ಇವತ್ತಿಗೂ ಇದೆ. ಅದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.) ಪ್ರೀತಿ ಇದ್ದ ಮನೆಯಲ್ಲೇ ಹೀಗಾಯಿತು. ಇನ್ನು ನಮ್ಮ ಮುಖವನ್ನೇ ನೋಡದವರು ಮಾಡಿದ ಯಂತ್ರದಲ್ಲಿ ಏನಾಗಬಹುದು?

ಮುಂದೆ ಆದದ್ದು ಇನ್ನೂ ಮುಖ್ಯ. ಟೆಲಿಫೋನ್ ಬರುವ ಮೊದಲು ದೂರದವರಿಗೆ ಏನಾದರೂ ಹೇಳಬೇಕಾದರೆ ಎಲ್ಲರಿಗೂ ಇದ್ದದ್ದು ಪತ್ರ, ಇಲ್ಲವೇ ತಂತಿ. ಓದು ಬರಹ ಬಂದರೆ ಸಾಕಿತ್ತು. ಕಿವಿ ಕೇಳುವವನಿಗೂ ಕೇಳದವನಿಗೂ ಒಂದೇ ದಾರಿ. ಥಾಮಸ್ ಎಡಿಸನ್‌ಗೆ ಕಿವಿ ಮಂದ. ಆದರೂ ಹರೆಯದಲ್ಲಿ ಹೊಟ್ಟೆ ಹೊರೆದದ್ದು ತಂತಿ ಆಪರೇಟರ್ ಆಗಿ. ಟೆಲಿಫೋನ್ ಮೊದಲಿಗೆ ಉಳ್ಳವರ ಸವಲತ್ತು. ಆಮೇಲೆ ಅಂಗಡಿ, ಆಸ್ಪತ್ರೆ, ಕಚೇರಿ ಎಲ್ಲಾ ಕಡೆ ಬಂತು. ಆಮೇಲೆ 'ಫೋನ್ ಮಾಡಿ' ಅನ್ನೋದೇ ರೂಢಿಯಾಯಿತು. ಕೆಲಸ ಬೇಕಾ, ಫೋನ್ ಮಾಡಿ. ಡಾಕ್ಟರ್ ಬೇಕಾ, ಫೋನ್ ಮಾಡಿ. ಮನೆಗೆ ಬೆಂಕಿ ಬಿತ್ತಾ, ಫೋನ್ ಮಾಡಿ. ಕಿವಿ ಕೇಳದವರಿಗೆ ಟೆಲಿಫೋನ್ ಕೊಡಲಿಲ್ಲ ಅನ್ನೋದು ಅರ್ಧ ಮಾತು. ಅವರು ಮೊದಲು ನಡೆಯುತ್ತಿದ್ದ ದಾರಿಯಲ್ಲಿ ಈಗ ಯಾರೂ ಓಡಾಡದ ಹಾಗೆ ಆಯಿತು. ಅವರು ನಿಂತಲ್ಲೇ ನಿಂತಿದ್ದರು. ಊರೇ ಎದ್ದು ಬೇರೆ ಕಡೆ ಹೋಯಿತು.

ಎಷ್ಟು ವರ್ಷ? 1876ರಿಂದ 1964ರವರೆಗೆ. 88 ವರ್ಷ.

1964ರಲ್ಲಿ ಅದನ್ನು ಸರಿ ಮಾಡಿದವರು ಯಾರು ಅಂತ ನೋಡಿ. ರಾಬರ್ಟ್ ವೈಟ್‌ಬ್ರೆಕ್ಟ್ ಭೌತವಿಜ್ಞಾನಿ, ಕಿವಿ ಕೇಳುತ್ತಿರಲಿಲ್ಲ. ಅವರ ಜೊತೆ ಸೇರಿದ ಜೇಮ್ಸ್ ಮಾರ್ಸ್ಟರ್ಸ್ ದಂತವೈದ್ಯ, ಅವರಿಗೂ ಕೇಳುತ್ತಿರಲಿಲ್ಲ. ಸುದ್ದಿ ಸಂಸ್ಥೆಗಳಲ್ಲಿ, ಕಚೇರಿಗಳಲ್ಲಿ ಬಳಸುತ್ತಿದ್ದ ಟೆಲಿಪ್ರಿಂಟರ್, ಅಂದರೆ ಈ ಕಡೆ ಟೈಪ್ ಮಾಡಿದ್ದನ್ನು ಆ ಕಡೆ ಕಾಗದದ ಮೇಲೆ ಮೂಡಿಸುವ ಯಂತ್ರ ಇರುತ್ತಿತ್ತಲ್ಲ, ಅದರ ಅಕ್ಷರಗಳನ್ನು ಸದ್ದುಗಳಾಗಿ ಮಾಡಿ ಮಾಮೂಲಿ ಫೋನ್ ರಿಸೀವರಿನೊಳಗೆ ಕಳಿಸುವ ಒಂದು ಪೆಟ್ಟಿಗೆ ಮಾಡಿದರು. ಆ ಕಡೆ ಇನ್ನೊಂದು ಪೆಟ್ಟಿಗೆ ಆ ಸದ್ದನ್ನು ಕೇಳಿ ಮತ್ತೆ ಅಕ್ಷರ ಮಾಡುತ್ತಿತ್ತು. ಫೋನ್ ಬಂದರೆ ಗಂಟೆಯ ಬದಲು ದೀಪ ಮಿಣುಕುತ್ತಿತ್ತು. ಹಳೇ ಟೆಲಿಪ್ರಿಂಟರುಗಳು ಬಲು ಭಾರ, ಸದ್ದೂ ಜಾಸ್ತಿ. ಕಂಪನಿಗಳು ಬೇಡ ಅಂತ ತೆಗೆದದ್ದನ್ನು ಈ ಜನ ತಾವೇ ಹೊತ್ತು ತಂದು, ರಿಪೇರಿ ಮಾಡಿ, ಒಂದೊಂದೇ ಮನೆಗೆ ಇಟ್ಟುಬಂದರು.

ಆ ಸಂಭಾಷಣೆಯ ಒಂದು ಸಣ್ಣ ವಿಷಯ ನನಗೆ ತುಂಬಾ ಇಷ್ಟ. ಇಬ್ಬರೂ ಒಟ್ಟಿಗೆ ಟೈಪ್ ಮಾಡಿದರೆ ಅಕ್ಷರ ಕಲಸಿಹೋಗುತ್ತದೆ. ಅದಕ್ಕೆ ತಮ್ಮ ಮಾತು ಮುಗಿದ ಮೇಲೆ 'ಜಿಎ' ಅನ್ನೋ ಎರಡು ಅಕ್ಷರ ಒತ್ತುತ್ತಿದ್ದರು. 'ಆಯ್ತು, ಇನ್ನು ನೀವು ಹೇಳಿ' ಅಂತ ಅದರ ಅರ್ಥ. ಮುಖ ಕಾಣಲ್ಲ, ದನಿ ಕೇಳಲ್ಲ. ಆದರೂ ಎದುರಿನವರಿಗೆ ಜಾಗ ಬಿಟ್ಟುಕೊಡುವ ಮರ್ಯಾದೆ ಆ ಎರಡು ಅಕ್ಷರದಲ್ಲಿತ್ತು.

ಇದೆಲ್ಲ ಬೇರೆಯವರ ಕಥೆ ಅನ್ನಿಸಬಹುದು. ಹಾಗಾದರೆ ನಮ್ಮದೇ ಅಕ್ಷರದ ಕಥೆ ಕೇಳಿ.

1985ರಲ್ಲಿ ಫ್ರೀಡ್‌ಹೆಲ್ಮ್ ಹಿಲೆಬ್ರಾಂಟ್ ಅನ್ನುವ ಜರ್ಮನ್ ಇಂಜಿನಿಯರ್ ಟೈಪ್‌ರೈಟರ್ ಮುಂದೆ ಕೂತು, ಮನಸ್ಸಿಗೆ ಬಂದ ವಾಕ್ಯ, ಪ್ರಶ್ನೆಗಳನ್ನು ಟೈಪ್ ಮಾಡಿ ಅಕ್ಷರ ಎಣಿಸಿದರು. ಹೆಚ್ಚುಕಮ್ಮಿ ಎಲ್ಲವೂ 160ರ ಒಳಗೇ ಮುಗಿದವು. ಒಂದು ಮಾತು ಹೇಳೋಕೆ 160 ಅಕ್ಷರ ಸಾಕು ಅಂತ ತೀರ್ಮಾನವಾಯಿತು. ಎಸ್ಸೆಮ್ಮೆಸ್ಸಿನ ಅಳತೆ ಹುಟ್ಟಿದ್ದು ಹೀಗೆ. ಮೊದಲ ಎಸ್ಸೆಮ್ಮೆಸ್ ಹೋದದ್ದು 1992ರ ಡಿಸೆಂಬರ್ 3ಕ್ಕೆ.

ಸಾಕು ಅನ್ನಿಸಿದ್ದು ಯಾವ ಭಾಷೆಗೆ? ಆ 160 ಅಕ್ಷರಕ್ಕೆ ಸಿಕ್ಕಿದ ಜಾಗ ಒಟ್ಟು 140 ಬೈಟ್ (ಬೈಟ್ ಅಂದರೆ ಕಂಪ್ಯೂಟರಿನಲ್ಲಿ ಜಾಗ ಅಳೆಯುವ ಲೆಕ್ಕ; ಇಂಗ್ಲಿಷ್ ಅಕ್ಷರಕ್ಕೆ ಇಲ್ಲಿ ಒಂದು ಬೈಟಿಗಿಂತ ಕಮ್ಮಿ ಸಾಕು). ಕನ್ನಡದ ಒಂದೊಂದು ಚಿಹ್ನೆಗೂ ಅದರಲ್ಲಿ ಎರಡು ಬೈಟ್ ಬೇಕು. ಅಲ್ಲಿಗೆ 160 ಇದ್ದದ್ದು ಸೀದಾ 70ಕ್ಕೆ ಇಳಿಯಿತು. ಅಷ್ಟೇ ಅಲ್ಲ, ನಮ್ಮ ಕಾಗುಣಿತ, ಒತ್ತಕ್ಷರಗಳನ್ನು ಕಂಪ್ಯೂಟರ್ ಬಿಡಿಬಿಡಿಯಾಗಿ ಎಣಿಸುತ್ತದೆ. 'ಸ್ತ್ರೀ' ಅಂತ ಬರೆಯಿರಿ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಸಕಾರ, ಹಲಂತ, ತಕಾರ, ಮತ್ತೆ ಹಲಂತ, ರಕಾರ, ಕೊನೆಗೆ ದೀರ್ಘ. ಒಟ್ಟು ಆರು. ಹನ್ನೊಂದು ಸಲ 'ಸ್ತ್ರೀ' ಬರೆದರೆ ಸಂದೇಶ ಭರ್ತಿ. ಹನ್ನೆರಡನೆಯದಕ್ಕೆ ಜಾಗ ಇಲ್ಲ.

ಹಾಗಾಗಿ ನಾವು ಏನು ಮಾಡಿದೆವು? ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆವು. ಬಳೆ, ಬಲೆ, ಬಾಳೆ, ಬಾಲೆ ನಾಲ್ಕೂ ಒಂದೇ ಥರ ಕಾಣುತ್ತಿದ್ದವು. ಬರೆದವರ ದನಿ ನೆನೆಸಿಕೊಂಡು ಅರ್ಥ ಹಚ್ಚಬೇಕಿತ್ತು. ಯೂನಿಕೋಡ್ ಅಂದರೆ ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. ಅದರ ಮೊದಲ ಆವೃತ್ತಿ ಬಂದ 1991ರಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಆದರೆ ಕಾಗದದ ಮೇಲೆ ಜಾಗ ಸಿಗುವುದು ಬೇರೆ, ಕೈಯಲ್ಲಿರುವ ಫೋನಿನಲ್ಲಿ ಅಕ್ಷರ ಮೂಡುವುದು ಬೇರೆ. ನನ್ನ ಮೊದಲ ಫೋನಿನಲ್ಲಿ ಕನ್ನಡ ಅಂದರೆ ಸಾಲಾಗಿ ಖಾಲಿ ಚೌಕಗಳು. ಆಗ ಅದು ಸಹಜ ಅನ್ನಿಸಿತ್ತು. ಬೇಜಾರೂ ಆಗಿರಲಿಲ್ಲ. ಈಗ ಯೋಚಿಸಿದರೆ ಹೊಟ್ಟೆ ಕಿವುಚುತ್ತದೆ. ತನ್ನ ಮಾತಿಗೆ ಇಲ್ಲಿ ಜಾಗ ಇಲ್ಲ ಅನ್ನೋದನ್ನು ಮನುಷ್ಯ ಅಷ್ಟು ಸುಲಭವಾಗಿ ಒಪ್ಪಿಕೊಂಡುಬಿಡುತ್ತಾನೆ, ಅಲ್ವಾ?

ಹಿಲೆಬ್ರಾಂಟ್ ಯಾರಿಗೂ ಅನ್ಯಾಯ ಮಾಡಬೇಕು ಅಂತ ಕೂತವರಲ್ಲ. ಅವರಿಗೆ ಗೊತ್ತಿದ್ದ ಭಾಷೆಯ ಅಳತೆ ತೆಗೆದರು. ಬಟ್ಟೆ ಹೊಲಿಯುವವನ ಮುಂದೆ ಯಾರು ನಿಂತಿರುತ್ತಾರೋ ಅವರ ಅಳತೆಗೇ ತಾನೇ ಅವನು ಹೊಲಿಯುವುದು? ಹಾಗಾಗಿ ಅಳತೆ ಕೊಡಲು ಯಾರನ್ನು ಕರೆದರು ಅನ್ನುವುದೇ ದೊಡ್ಡ ಪ್ರಶ್ನೆ. ಇಂಟರ್ನೆಟ್ಟಿನ ಬುನಾದಿಯ ನಿಯಮಗಳನ್ನು ಬಾಬ್ ಕಾನ್ ಜೊತೆ ರೂಪಿಸಿದ ವಿಂಟ್ ಸರ್ಫ್ ಅವರಿಗೆ ಹುಟ್ಟಿನಿಂದ ಕಿವಿ ಮಂದ. ಅವರ ಹೆಂಡತಿಗೂ ಚಿಕ್ಕಂದಿನಲ್ಲೇ ಕಿವಿ ಹೋಗಿತ್ತು. ಇಮೇಲ್ ತಮ್ಮನ್ನು ಸೆಳೆದದ್ದಕ್ಕೆ ಇದೂ ಒಂದು ಕಾರಣ ಅಂತ ಸರ್ಫ್ ಅವರೇ ಹೇಳಿದ್ದಾರೆ. ಬೇಕಾದವರು ಮೇಜಿನ ಹತ್ತಿರ ಕೂತಿದ್ದಾಗ ಯಂತ್ರ ಅವರ ಕಡೆ ಸ್ವಲ್ಪ ವಾಲುತ್ತದೆ.

ಎಲ್ಲ ಸಲವೂ ಅವರೇ ಕೂತಿರಲು ಆಗುವುದಿಲ್ಲ. ಆಗ ನಿಯಮ ಬೇಕು. ನಿಯಮ ಅಂದರೆ ಮುಖ ಸಿಂಡರಿಸುವವರಿಗೆ ನಾನು ಟೈಟಾನಿಕ್ ರಾತ್ರಿಯನ್ನು ನೆನಪಿಸುತ್ತೇನೆ. 1912ರ ಏಪ್ರಿಲ್ 14. ರಾತ್ರಿ 11:40ಕ್ಕೆ ಹಡಗು ಮಂಜುಗಡ್ಡೆಗೆ ಬಡಿಯಿತು. ಅದರಲ್ಲಿ ಆ ಕಾಲದ ಒಳ್ಳೊಳ್ಳೆ ವೈರ್‌ಲೆಸ್ ಯಂತ್ರ ಇತ್ತು. ಹತ್ತಿರದಲ್ಲಿ ಕ್ಯಾಲಿಫೋರ್ನಿಯನ್ ಅನ್ನುವ ಇನ್ನೊಂದು ಹಡಗು ನಿಂತಿತ್ತು. ಅದರಲ್ಲೂ ಯಂತ್ರ ಇತ್ತು. ಆದರೆ ಅದಕ್ಕಿದ್ದದ್ದು ಒಬ್ಬನೇ ಆಪರೇಟರ್. ಹಗಲೆಲ್ಲ ದುಡಿದಿದ್ದ ಅವನು ಡಿಕ್ಕಿಯಾಗುವ ಸ್ವಲ್ಪ ಮುಂಚೆ ಯಂತ್ರ ಆರಿಸಿ ಮಲಗಲು ಹೋಗಿದ್ದ. ಟೈಟಾನಿಕ್ ಕರೆಯುತ್ತಲೇ ಇತ್ತು. ಕೇಳಬೇಕಾದ ಕಿವಿ ನಿದ್ದೆಯಲ್ಲಿತ್ತು. ಸುಮಾರು 1,500 ಜನ ಸತ್ತರು. ಹಡಗಿನಲ್ಲಿ 24 ಗಂಟೆಯೂ ಯಾರಾದರೂ ಒಬ್ಬರು ಕಿವಿಗೊಟ್ಟು ಕೂತಿರಬೇಕು ಅನ್ನೋ ಅಂತರರಾಷ್ಟ್ರೀಯ ಒಪ್ಪಂದ 1914ರಲ್ಲಿ ಆಯಿತು. ಯಂತ್ರ ಮೊದಲೇ ಬಂದಿತ್ತು. ಅದನ್ನು ಮನುಷ್ಯರು ಹೇಗೆ ಬಳಸಬೇಕು ಅನ್ನೋ ಕಟ್ಟು ಮಾತ್ರ ಬಂದಿರಲಿಲ್ಲ. ಆ ಹುಡುಗನನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ನಿದ್ದೆ ಯಾರಿಗೆ ಬೇಡ?

ಟಿವಿಯ ಕೆಳಗೆ ಓಡುವ ಅಕ್ಷರಗಳದ್ದೂ ಇದೇ ಕಥೆ. 13 ಇಂಚು ಅಥವಾ ಅದಕ್ಕಿಂತ ದೊಡ್ಡ ಪ್ರತಿ ಟಿವಿಯಲ್ಲೂ ಕ್ಯಾಪ್ಶನ್ ತೋರಿಸುವ ವ್ಯವಸ್ಥೆ ಇರಲೇಬೇಕು ಅಂತ ಅಮೆರಿಕ 1990ರಲ್ಲಿ ಕಾನೂನು ಮಾಡಿತು, 1993ರಿಂದ ಅದು ಜಾರಿಗೆ ಬಂತು. ಕಿವಿ ಕೇಳದವರಿಗಾಗಿ ಮಾಡಿದ್ದು. ಈಗ ಯಾರ್ಯಾರು ಬಳಸುತ್ತಾರೆ ನೋಡಿ. ಮಗು ಮಲಗಿದ ಮೇಲೆ ಸದ್ದಿಲ್ಲದೆ ನೋಡುವವರು, ಬೇರೆ ಭಾಷೆ ಕಲಿಯುವವರು, ಗದ್ದಲದ ಬಸ್ಸಿನಲ್ಲಿ ಕೂತವರು. ಅಗಲ ಮಾಡಿದ ಬಾಗಿಲಲ್ಲಿ ಎಲ್ಲರೂ ಆರಾಮಾಗಿ ಹಾದುಹೋಗುತ್ತಾರೆ.

ಈಗ ಮತ್ತೆ ಆರು ಅಂಕಿಗೆ ಬರೋಣ. ಸ್ಮಾರ್ಟ್‌ಫೋನೂ ಟೆಲಿಫೋನಿನ ಹಾದಿಯಲ್ಲೇ ನಡೆಯಿತು. ಮೊದಲು 'ಬೇಕಿದ್ದರೆ ಬಳಸಿ' ಅಂದರು. ಆಮೇಲೆ 'ಇದರಲ್ಲಿ ಸುಲಭ' ಅಂದರು. ಈಗ 'ಇದರಲ್ಲಿ ಮಾತ್ರ'. ಈ ಮೂರನೇ ಮಾತು ಯಾವತ್ತು ಬಂತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಒಂದು ದಿನ ಹೋಗಿ ನೋಡಿದರೆ ಕಿಟಕಿ ಮುಚ್ಚಿರುತ್ತದೆ, ಗೋಡೆಗೆ ಒಂದು ಚೌಕದ ಕೋಡ್ ಅಂಟಿಸಿರುತ್ತಾರೆ. ಜಗತ್ತಿನಲ್ಲಿ ಇಂಟರ್ನೆಟ್ ಬಳಸದವರು ಸುಮಾರು 260 ಕೋಟಿ ಜನ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2024ರಲ್ಲಿ ಅಂದಾಜು ಮಾಡಿತು. ಅಂದರೆ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರು. ಬಳಸುವವರ ಲೆಕ್ಕದಲ್ಲಿರುವ ಎಷ್ಟೋ ಜನ ದೊಡ್ಡಮ್ಮನ ಹಾಗೆ ಇನ್ನೊಬ್ಬರ ಬೆರಳಿನಿಂದ ಬಳಸುವವರು.

ಇನ್ನೊಬ್ಬರ ಬೆರಳು ಅಂದೆ. ಅದರ ಹಿಂದೆ ಇನ್ನೊಂದು ನಷ್ಟವೂ ಇದೆ. ದೊಡ್ಡಮ್ಮನ ಪಾಸ್‌ವರ್ಡ್ ನನಗೆ ಗೊತ್ತು. ಅವರ ಖಾತೆಯಲ್ಲಿ ಎಷ್ಟಿದೆ, ಯಾವ ಪರೀಕ್ಷೆಯ ರಿಪೋರ್ಟ್ ಬಂದಿದೆ, ಯಾರಿಗೆ ಏನು ಕಳಿಸಿದರು, ಎಲ್ಲ ಗೊತ್ತು. ನಾನು ಕೇಳಿದ್ದಲ್ಲ, ಅವರು ಮನಸಾರೆ ಹೇಳಿದ್ದೂ ಅಲ್ಲ. ಬೇರೆ ದಾರಿ ಇರಲಿಲ್ಲ. ಆ ವಯಸ್ಸಿಗೆ ಒಂದಷ್ಟು ಗುಟ್ಟುಗಳು ತಮ್ಮ ಹತ್ತಿರವೇ ಇರಬೇಕು ಅನ್ನಿಸುವುದಿಲ್ಲವೇ? ಒಂದು ಸಲ ಅವರ ಪರವಾಗಿ ಏನೋ ತೆರೆಯುವಾಗ ಅವರು ಮುಖ ಆಚೆ ತಿರುಗಿಸಿಕೊಂಡರು. ತಮ್ಮದೇ ವಿಷಯವನ್ನು ತಾವು ನೋಡಬಾರದೇನೋ ಅನ್ನೋ ಹಾಗೆ. ಅದನ್ನು ನೆನೆದಾಗೆಲ್ಲ ನನಗೆ ಸಂಕಟವಾಗುತ್ತದೆ.

ಒಂದೇ ದಾರಿಯನ್ನು ನಂಬಿ ಉಳಿದದ್ದನ್ನೆಲ್ಲ ಮುಚ್ಚಿದರೆ ಬಲ್ಲವರೂ ಸಿಕ್ಕಿಬೀಳುತ್ತಾರೆ. 2022ರ ಜನವರಿ 15ರಂದು ಟೋಂಗಾ ದ್ವೀಪಗಳ ಹತ್ತಿರ ಸಮುದ್ರದೊಳಗಿನ ಜ್ವಾಲಾಮುಖಿ ಸಿಡಿಯಿತು. ಆ ದೇಶವನ್ನು ಹೊರಜಗತ್ತಿಗೆ ಸೇರಿಸುತ್ತಿದ್ದ ಸಮುದ್ರತಳದ ಕೇಬಲ್ ಒಂದೇ ಒಂದು. ಅದು ಹರಿಯಿತು. ಖಂಡದಿಂದ ಖಂಡಕ್ಕೆ ಹೋಗುವ ನಮ್ಮ ಮಾತೆಲ್ಲ ಬಹುಪಾಲು ಇಂಥ ಕೇಬಲ್ಲುಗಳಲ್ಲೇ ಹೋಗುತ್ತದೆ. ಎಷ್ಟೋ ಕಡೆ ಅದರ ದಪ್ಪ ಗಿಡಕ್ಕೆ ನೀರು ಬಿಡುವ ಪೈಪಿನಷ್ಟೇ. ದುರಸ್ತಿಗೆ ಸುಮಾರು ಐದು ವಾರ ಹಿಡಿಯಿತು. ಹೊರದೇಶದಲ್ಲಿದ್ದ ಟೋಂಗಾದ ಜನ ಮನೆಯವರು ಬದುಕಿದ್ದಾರೋ ಇಲ್ಲವೋ ಗೊತ್ತಾಗದೆ ದಿನಗಟ್ಟಲೆ ಕಾದರು. 1825ರಲ್ಲಿ ಮೋರ್ಸ್ ಇದ್ದ ಜಾಗಕ್ಕೆ ಅವರು ಒಂದೇ ದಿನದಲ್ಲಿ ವಾಪಸ್ ಹೋಗಿದ್ದರು.

ನಾನು ಕೇಳುವುದು ಜಾಸ್ತಿ ಏನಲ್ಲ. ಹೊಸ ಬಾಗಿಲು ತೆರೆಯಿರಿ, ಹಳೆಯದಕ್ಕೆ ಬೀಗ ಹಾಕಬೇಡಿ. ಒಂದು ಮೇಜು, ಒಂದು ಕುರ್ಚಿ, ಮುಖ ನೋಡಿ ಮಾತಾಡುವ ಒಬ್ಬ ಮನುಷ್ಯ ಉಳಿಯಲಿ. ಅಂಕಿ ಒತ್ತಲು ಇನ್ನೆರಡು ನಿಮಿಷ ಕೊಡಿ. ಪರದೆಯ ಮೇಲೆ ಬಂದ ಪಟ್ಟಿ ನಾನು ಸರಿಸುವವರೆಗೆ ಅಲ್ಲೇ ಇರಲಿ. ಮಾಡಿ ಮುಗಿಸುವ ಮೊದಲು ಎಪ್ಪತ್ತು ದಾಟಿದ ಒಬ್ಬರ ಕೈಗೆ ಕೊಟ್ಟು, ಸಹಾಯ ಮಾಡದೆ ಸುಮ್ನೆ ನೋಡುತ್ತಾ ಕೂರಿ. ಇದಕ್ಕೆ ದೊಡ್ಡ ವಿಜ್ಞಾನ ಬೇಕಿಲ್ಲ.

24 ಗಂಟೆ ಕಳೆದ ಮೇಲೆ ದೊಡ್ಡಮ್ಮ, ನಾನು ಮತ್ತೆ ಕೂತೆವು. ಅಂಕಿಗಳನ್ನು ನಾನು ಎರಡೆರಡಾಗಿ ಓದಿದೆ, ಅವರು ಒತ್ತಿದರು. ಕೆಲಸ ಆಯಿತು. ಅವರಿಗೆ ಖುಷಿಯೇನೂ ಆದಂತೆ ಕಾಣಲಿಲ್ಲ.

ಆದರೆ ಈಚೆಗೆ ಅವರು ತಾವಾಗಿಯೇ ಒಂದು ಕಂಡುಕೊಂಡಿದ್ದಾರೆ. ವಾಟ್ಸಾಪಿನಲ್ಲಿ ಮೈಕಿನ ಗುರುತು ಒತ್ತಿ ಹಿಡಿದರೆ ದನಿ ಹೋಗುತ್ತದೆ ಅಂತ. ಯಾರೂ ಹೇಳಿಕೊಟ್ಟಿದ್ದಲ್ಲ. ಓದುವ ಗೋಜಿಲ್ಲ, ಒತ್ತಕ್ಷರ ಹುಡುಕುವ ಕಷ್ಟವಿಲ್ಲ. ದಿನಕ್ಕೊಂದಾದರೂ ಬರುತ್ತದೆ. ಮೊದಲು ಒಂದು ಉಸಿರು ಕೇಳಿಸುತ್ತದೆ, ಆಮೇಲೆ ನನ್ನ ಹೆಸರು, ಆಮೇಲೆ ಸುದ್ದಿ. ಕೊನೆಗೆ ತಪ್ಪದೆ "ಆಯ್ತು, ಈಗ ನೀನು ಹೇಳು" ಅಂತಾರೆ. ಹಾಗೆ ಹೇಳಿ ಬೆರಳು ತೆಗೆಯುವುದಿಲ್ಲ. ಐದಾರು ಸೆಕೆಂಡು ಒತ್ತಿ ಹಿಡಿದೇ ಇರುತ್ತಾರೆ. ಫ್ಯಾನಿನ ಸದ್ದು ಕೇಳುತ್ತದೆ. ನಾನು ಅದನ್ನೂ ಪೂರ್ತಿ ಕೇಳಿ, ಆಮೇಲೆ ಉತ್ತರ ಹೇಳುತ್ತೇನೆ.